ಮದಗದ ಕೆರೆಯ ಶತ್ರುಗಳು

ಮಾಸೂರಿನ ಮದಗದ ಕೆರೆಯಲ್ಲಿರುವ ಮೀನುಗಳು ನಾಗರಿಕರ ಶತ್ರುಗಳೆಂದು ಸಾವಿರದ ಒಂಬೈನೂರಾ ಎಂಬತ್ತಮೂರನೇ ಇಸವಿಯಲ್ಲಿ ವಿಧ್ಯುಕ್ತವಾಗಿ ಘೋಷಿಸಲಾಯಿತು. ಅದಕ್ಕೆ ಮುಂಚೆ ಅವು ಬರೀ ಮೀನುಗಳಾಗಿದ್ದವು. ಈ ಬದಲಾವಣೆಯಿಂದ ಮೀನುಗಳಿಗೆ ಯಾವ ತೊಂದರೆಯೂ ಆಗಲಿಲ್ಲ. ಆದದ್ದೆಲ್ಲ ಮೈಲಾರಪ್ಪ ಅಂಬಿಗೇರನಿಗೆ.

ಮೈಲಾರಪ್ಪ ಹಿರೇಕೆರೂರ ತಾಲೂಕಿನ ಮಾಸೂರಿನವನು. ಅವನಿಗಿದ್ದ ಆಸ್ತಿ ಒಂದು ಬೀಸುಬಲೆ, ಒಬ್ಬ ಹೆಂಡತಿ. ಹೆಂಡತಿ ಯಂಕವ್ವ ಒಂದಿಡೀ ಮಳೆಗಾಲ ಬಾಗಿಲಲ್ಲಿ ಕೂತು ನೈಲಾನ್ ದಾರದಲ್ಲಿ ಆ ಬಲೆಯನ್ನು ಹೆಣೆದಿದ್ದಳು, ಅಂಚಿಗೆ ಸೀಸದ ಗುಂಡು ಕಟ್ಟಿದ್ದಳು. ಮೈಲಾರಪ್ಪ ನಡುಮಟ್ಟ ನೀರಿನಲ್ಲಿ ನಿಂತು, ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಸೊಂಟ ತಿರುವಿ ಬೀಸಿದನೆಂದರೆ ಬಲೆ ಜೋಳದ ರೊಟ್ಟಿಯ ಹಾಗೆ ದುಂಡಗೆ ಬಿಚ್ಚಿಕೊಂಡು ನೀರಿಗೆ ಬೀಳುತ್ತಿತ್ತು. ಸಿಕ್ಕದ್ದನ್ನು ಯಂಕವ್ವ ಬುಟ್ಟಿಯಲ್ಲಿ ಹೊತ್ತು ಊರೂರು ತಿರುಗಿ ಮಾರಿ ಬರುತ್ತಿದ್ದಳು. ಬಲೆ ಬಿದ್ದರೆ ಒಲೆ ಉರಿಯುತ್ತಿತ್ತು. ಇಷ್ಟು ಸರಳವಾದ ಏರ್ಪಾಡನ್ನು ಹಾಗೇ ಬಿಡುವುದು ಸರಿಯಲ್ಲವೆಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ಹಾನಗಲ್ಲಿನಲ್ಲಿ ಆಗ ನಾಲ್ಕು ತಾಲೂಕುಗಳ ಸಮನ್ವಯ ಕಚೇರಿ ಎಂಬುದೊಂದಿತ್ತು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಈ ನಾಲ್ಕರ ನಡುವೆ ಸಮನ್ವಯ ಸಾಧಿಸುವುದು ಅದರ ಉದ್ದೇಶ. ನಾಲ್ಕೂ ತಾಲೂಕುಗಳು ತಮ್ಮ ಪಾಡಿಗೆ ತಾವಿದ್ದು, ಒಂದು ಇನ್ನೊಂದನ್ನು ಯಾವತ್ತೂ ಯಾವುದಕ್ಕೂ ಕೇಳದೆ ಇದ್ದುದರಿಂದ, ಸಮನ್ವಯವು ಕಚೇರಿ ತೆರೆಯುವ ಮೊದಲೇ ಸಂಪೂರ್ಣವಾಗಿತ್ತು. ಆದರೂ ಕಚೇರಿ ದಿನಾಲು ತೆರೆಯುತ್ತಿತ್ತು, ಮಧ್ಯಾಹ್ನ ಊಟಕ್ಕೆ ಮುಚ್ಚುತ್ತಿತ್ತು, ಮತ್ತೆ ತೆರೆದು ಸಂಜೆ ಮುಚ್ಚುತ್ತಿತ್ತು.

ಸಮನ್ವಯಾಧಿಕಾರಿ ಶ್ರೀಪಾದರಾಯರು ಸವಣೂರಿನ ಕಡೆಯ ವೈಷ್ಣವರು. ಅವರ ಅಜ್ಜ ಶಾಸ್ತ್ರಾರ್ಥದಲ್ಲಿ ಎದುರಿನವರ ಬಾಯಿ ಮುಚ್ಚಿಸಿ ಶಾಲು ಹೊದ್ದು ಬಂದವರು. ಮೊಮ್ಮಗನಿಗೆ ಬಾಯಿ ಮುಚ್ಚಿಸಲು ಕಚೇರಿಯಲ್ಲಿ ಇದ್ದವರು ಇಬ್ಬರೇ: ಹೆಡ್ ಕ್ಲಾರ್ಕ್ ವಿಮಲಾಬಾಯಿ, ಜವಾನ ಖಾದರಸಾಬ. ವಿಮಲಾಬಾಯಿಗೆ ಸಂಸ್ಕೃತ, ಇಂಗ್ಲೀಷು ಎರಡೂ ಬರುತ್ತಿದ್ದವು, ಹೀಗಾಗಿ ಬಾಯಿ ಮುಚ್ಚುತ್ತಿರಲಿಲ್ಲ. ಖಾದರಸಾಬ ಬಾಯಿ ತೆರೆಯುತ್ತಲೇ ಇರಲಿಲ್ಲ. ರಾಯರಿಗೆ ಎರಡೂ ಕಡೆಯಿಂದ ಬೇಸರವಾಗಿತ್ತು.

ಹೀಗಿರುವಲ್ಲಿ ಒಂದು ಪೆಟ್ಟಿಗೆ ಬಂತು. ಆಡೂರಿನ ಶಾಸನ ಓದಲು ಬಂದಿದ್ದ ಪರದೇಶದ ಪಂಡಿತನೊಬ್ಬ ಪ್ರವಾಸಿ ಬಂಗಲೆಯಲ್ಲಿ ಅದನ್ನು ಮರೆತು ಹೋಗಿದ್ದ. ಯಾರ ಕೆಲಸವೂ ಅಲ್ಲದ ಕೆಲಸ ಸಮನ್ವಯ ಕಚೇರಿಯದು ಎಂಬ ವಾಡಿಕೆಯಂತೆ ಪೆಟ್ಟಿಗೆ ರಾಯರ ಮೇಜಿಗೆ ಬಂದು ಕೂತಿತು. ಒಳಗೆ ಮೂರು ಇಂಗ್ಲೀಷ್ ಪುಸ್ತಕ, ಚೌಕಳಿ ಗೆರೆಯ ಹಾಳೆ, ಕಿರುಬೆರಳಿನಷ್ಟು ಎತ್ತರದ ಸೀಸದ ಗೊಂಬೆಗಳು, ಮತ್ತು ಬಣ್ಣಬಣ್ಣದ ದಾಳಗಳಿದ್ದವು. ಒಂದು ದಾಳಕ್ಕೆ ಇಪ್ಪತ್ತು ಮುಖ. ಖಾದರಸಾಬ ಅದನ್ನು ಪೆಪ್ಪರಮಿಂಟೆಂದು ತಿಳಿದು ಕಚ್ಚಿ ನೋಡಿದ್ದರಿಂದ ಹದಿನೇಳರ ಮೇಲೆ ಹಲ್ಲಿನ ಗುರುತು ಉಳಿಯಿತು.

ವಾರಸುದಾರರಿಲ್ಲದ ಸೊತ್ತಿನ ಉಪಯೋಗವೇನೆಂದು ಖಚಿತಪಡಿಸಿಕೊಂಡ ಹೊರತು ಅದನ್ನು ವಿಲೇವಾರಿ ಮಾಡತಕ್ಕದ್ದಲ್ಲ. ಉಪಯೋಗವನ್ನು ಖಚಿತಪಡಿಸಿಕೊಳ್ಳಲು ಉಪಯೋಗಿಸಿಯೇ ನೋಡಬೇಕು. ವಿಮಲಾಬಾಯಿ ಪುಸ್ತಕಗಳನ್ನು ಓದಿ ಬಂದು ವರದಿ ಒಪ್ಪಿಸಿದರು.

"ಇದೊಂದು ಆಟ ಅದ ರೀ ರಾಯರ. ಒಬ್ಬೊಬ್ಬರು ಒಬ್ಬೊಬ್ಬ ವೀರನ ಸೋಗು ಹಾಕಬೇಕು. ಒಬ್ಬರು ಗುಹಾಧಿಪತಿ ಆಗಿ, ಇಲ್ಲಿ ಗುಹಾ ಅದ, ಅಲ್ಲಿ ರಾಕ್ಷಸ ಬಂದ ಅಂತ ಹೇಳಬೇಕು. ಕತ್ತಿ ಬೀಸಿದರ ತಾಗ್ತೋ ಇಲ್ಲೋ ಅನ್ನೋದು ದಾಳ ಹೇಳ್ತದ. ಗೆದ್ದಂಗ ಗೆದ್ದಂಗ ವೀರನ ಮಟ್ಟ ಏರ್ತದ."

"ಗುಹಾಕ್ಕ ಹೋಗಬೇಕೇನು?"

"ಇಲ್ಲರಿ. ಕುರ್ಚಿ ಮ್ಯಾಲೆ ಕೂತು ಮಾತಾಡೋದು. ನಿಜವಾಗಿ ಯಾರೂ ಏನೂ ಮಾಡೋದಿಲ್ಲ."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಾದ್ರ ನಮ್ಮ ಕಚೇರಿಗೆ ಒಗ್ಗತದ," ಎಂದರು.

ಆ ವಾರವೇ ರಾಯರ ಮೇಜಿನ ಮೇಲಿನ ಫಲಕ ಬದಲಾಗಿ "ಸಮನ್ವಯಾಧಿಕಾರಿಗಳು ಹಾಗೂ ಪದನಿಮಿತ್ತ ಗುಹಾಧಿಪತಿಗಳು" ಎಂದಾಯಿತು. ವಿಮಲಾಬಾಯಿ ಮೂಲಗ್ರಂಥಕ್ಕೆ ಕನ್ನಡದಲ್ಲಿ ಟೀಕೆ ಬರೆಯಲು ಹಿಡಿದರು. ಮೂಲದಲ್ಲಿ ಒಂದು ಸಾಲಿದ್ದರೆ ಟೀಕೆ ಒಂದು ಪುಟ. ಮೂಲದಲ್ಲಿ ಏನೂ ಇಲ್ಲದ ಕಡೆ ಇನ್ನೂ ಜಾಸ್ತಿ. ದಿನಾ ಚಹದ ನಂತರ ಮೂವರೂ ಗುಹೆಗೆ ಇಳಿಯುತ್ತಿದ್ದರು, ಐದೂವರೆಗೆ ಹೊರಬಂದು ಸಹಿ ಮಾಡಿ ಮನೆಗೆ ಹೋಗುತ್ತಿದ್ದರು. ನಾಲ್ಕು ತಾಲೂಕುಗಳ ಸಮನ್ವಯ ಎಂದಿನಂತೆ ಸುಸೂತ್ರವಾಗಿ ನಡೆದಿತ್ತು.

ಒಂದು ದಿನ ಖಾದರಸಾಬನ ವೀರನಿಗೆ ಗುಹೆಯಲ್ಲಿ ಬೀಸುಬಲೆಯೊಂದು ಸಿಕ್ಕಿತು. ಎದುರಿಗೆ ರಾಕ್ಷಸ ಬಂದ. ಖಾದರಸಾಬ ಬಲೆ ಬೀಸುವ ಸನ್ನೆ ಮಾಡಿ ದಾಳಕ್ಕೆ ಕೈ ಹಾಕಿದ. ವಿಮಲಾಬಾಯಿ ಅವನ ಕೈ ತಡೆದರು.

"ದಾಳ ಆಯುಧಕ್ಕ ಮಾತ್ರ. ಬಲಿ ಆಯುಧ ಅಲ್ಲ. ಹಗ್ಗ, ಕಂದೀಲು, ತಂಬಿಗಿ ಇದ್ದಂಗ ಅದೊಂದು ಸಾಮಾನು. ಆಯುಧ ಅಂದರ ಗಾಯ ಆಗಬೇಕು."

ಖಾದರಸಾಬ ಆ ವರ್ಷದಲ್ಲಿ ಮೊದಲ ಸಲ ಬಾಯಿ ತೆರೆದ. "ಬಾಯಾರ, ಗಾಯ ಆಗದಿದ್ರ ಏನಾತ್ರಿ? ಸಿಕ್ಕೊಂಡವಗ ಕೇಳ್ರಿ, ಆಯುಧ ಹೌದೋ ಅಲ್ಲೋ ಅಂತ."

ರಾಯರ ಮೈಯಲ್ಲಿ ಅಜ್ಜನ ರಕ್ತ ಕುದಿಯಿತು. ಬಾಯಿ ಮುಚ್ಚಿಸಬಹುದಾದ ಪ್ರಶ್ನೆಯೊಂದು ಕೊನೆಗೂ ಬಂದಿತ್ತು. ಪೂರ್ವಪಕ್ಷ, ಸಿದ್ಧಾಂತ ಎರಡನ್ನೂ ಅವರೇ ಹೇಳಿದರು, ಎರಡರಲ್ಲೂ ಅವರೇ ಸೋತರು. ಬಲೆ ಗಾಳಿಯಲ್ಲಿ, ರಾಕ್ಷಸ ಬಲೆಯ ಕೆಳಗೆ, ಆಟ ಹದಿನೈದು ದಿನ ಪೂರ್ತಿ ಹಾಗೇ ನಿಂತಿತು. ಪ್ರತ್ಯಕ್ಷ ಪ್ರಮಾಣ ಬೇಕೆಂದು ತೀರ್ಮಾನವಾಗಿ, ವ್ಯಾಪ್ತಿಯೊಳಗಿನ ಬಲೆಗಾರನೊಬ್ಬನನ್ನು ಕರೆಸಬೇಕೆಂದು ಆದೇಶವಾಯಿತು. ಮಾಸೂರಿಗೆ ಚೀಟಿ ಹೋಯಿತು: ಬಲೆ ಸಹಿತ ಖುದ್ದು ಹಾಜರಾಗತಕ್ಕದ್ದು.

ಯಂಕವ್ವ ಆ ಚೀಟಿಯನ್ನು ಹಾವು ನೋಡಿದ ಹಾಗೆ ನೋಡಿದಳು. "ಆಚಾರ್ರ ಕಚೇರ್ಯಾಗ ಮೀನಿನ ಬಲಿ ಯಾಕ ಬೇಕಾತು? ಇದ್ಯಾಕೋ ಒಳ್ಳೇದಕ್ಕಲ್ಲ. ನೀ ಹೋಗು, ಬಲಿ ಬಿಟ್ಟ ಹೋಗು."

"ಬಲಿ ಸಹಿತ ಅಂತ ಬರದಾರಲ್ಲ."

"ಹೆಂಡ್ತಿ ಸಹಿತ ಅಂತ ಬರದಿದ್ರ?"

"ನಿನ್ನ ಕಂಡ್ರ ಅವರ ಓಡಿ ಹೋಗತಿದ್ರು ಬಿಡು," ಎಂದು ಮೈಲಾರಪ್ಪ ಬಲೆಯನ್ನು ಹೆಗಲಿಗೇರಿಸಿಕೊಂಡು ಕೆಂಪು ಬಸ್ಸು ಹತ್ತಿದ.

ಕಚೇರಿಯ ಅಂಗಳದಲ್ಲಿ ಖಾದರಸಾಬ ರಾಕ್ಷಸನಾಗಿ ನಿಂತಿದ್ದ. ಸೊಂಟದ ಮೇಲೆ ಕೈಯಿಟ್ಟು, ರಾಯರ ಅಪ್ಪಣೆಯಂತೆ ಎರಡು ಸಲ ಗರ್ಜಿಸಿದ. ಬೀಸೆಂದು ರಾಯರು ಹೇಳಿದರು. ಮನುಷ್ಯರ ಮೇಲೆ ಹೆಂಗ್ರಿ ಎಂದು ಮೈಲಾರಪ್ಪ ಹಿಂಜರಿದ. ಆದರೆ ಕೈ ಕೇಳಬೇಕಲ್ಲ! ಅಂಚನ್ನು ಹಲ್ಲಿಗೆ ಕೊಟ್ಟ ಕೂಡಲೇ ಸೊಂಟ ತಾನಾಗಿ ತಿರುಗಿತು. ಬಲೆ ದುಂಡಗೆ ಹಾರಿ ಖಾದರಸಾಬನ ನೆತ್ತಿಯಿಂದ ಹಿಮ್ಮಡಿವರೆಗೆ ಇಳಿಯಿತು. ಬಿಡಿಸಿಕೊಳ್ಳಲು ಹೋದಷ್ಟೂ ಬಿಗಿಯಿತು. ಗುಂಡಿ ಸಿಕ್ಕಿತು, ಬಿಲ್ಲೆ ಸಿಕ್ಕಿತು, ಮೀಸೆ ಸಿಕ್ಕಿತು. ಚಹದ ಹೊತ್ತಾದರೂ ಅವನು ಹೊರಬರಲಿಲ್ಲ. ಬಲೆಯ ಕಣ್ಣಿನಿಂದಲೇ ಬಸಿಯಲ್ಲಿ ಚಹ ಕುಡಿಸಬೇಕಾಯಿತು.

ರಾಯರು ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ವಿಮಲಾಬಾಯಿಯವರ, ಬರಕೋರಿ. ರಕ್ತ ಬರಲಿಲ್ಲ. ಗಾಯ ಆಗಲಿಲ್ಲ. ಆದರ ಮನುಷ್ಯಾ ಅಲ್ಲಾಡಲಿಲ್ಲ. ಗಾಯ ಮಾಡದೆ ಮನುಷ್ಯಾನ್ನ ಅಲ್ಲಾಡದಂಗ ಇಡೋದು ಸರಕಾರಿ ಕಚೇರಿಗೆ ಮಾತ್ರ ಇರೋ ಅಧಿಕಾರ. ಇಂಥಾ ಆಯುಧ ಖಾಸಗಿಯವರ ಕೈಯಾಗ ಇರಬಾರದು."

ಬೀಸುಬಲೆ ಆಯುಧವೆಂದು ಸಾಬೀತಾಯಿತು. ಪರವಾನಗಿಯಿಲ್ಲದ ಆಯುಧವಾದ್ದರಿಂದ ಪಂಚನಾಮೆ ಮಾಡಿ ಜಪ್ತು ಮಾಡಲಾಯಿತು. ಬಲೆಯಲ್ಲಿದ್ದ ಖಾದರಸಾಬನನ್ನು ಬಿಡಿಸಿ, ಪಂಚನಾಮೆಗೆ ಅವನದೇ ಸಾಕ್ಷಿ ಸಹಿ ಹಾಕಿಸಿಕೊಂಡು, ಬಲೆಯನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಮೈಲಾರಪ್ಪ ಕಪಾಟಿನ ಬೀಗ ಹಿಡಿದುಕೊಂಡ. "ಸಾಹೇಬ್ರ, ತೋರಸಾಕಂತ ತಂದಿದ್ನಿರಿ."

"ತೋರಿಸಿದಿ. ಭಾಳ ಛಲೋ ತೋರಿಸಿದಿ. ಸ್ವಲ್ಪ ಕೆಟ್ಟ ಬೀಸಿದ್ದರ ಬಿಟ್ಟುಬಿಡತಿದ್ವಿ ನೋಡಪಾ," ಎಂದು ರಾಯರು ನಿಜವಾದ ಮರುಕದಿಂದಲೇ ಹೇಳಿ ಜಪ್ತಿಯ ರಸೀದಿ ಕೊಟ್ಟರು.

ಮಾಸೂರಿನಲ್ಲಿ ಯಂಕವ್ವ ಗಂಡನ ಖಾಲಿ ಹೆಗಲು ನೋಡಿದಳು, ಕೈಯಲ್ಲಿದ್ದ ರಸೀದಿ ನೋಡಿದಳು. "ಹೋಗೂವಾಗ ಬಲಿ ಇತ್ತು, ಬರೂವಾಗ ಚೀಟಿ ಐತಿ. ಇನ್ನ ಈ ಚೀಟಿ ಬೀಸಿ ಮೀನ ಹಿಡಿ! ಒಂದ ಮಳೀಗಾಲ ಕೈಬೆರಳ ಹರಕೊಂಡ ಹೆಣದೇನಿ ಅದನ್ನ. ಆ ಕಚೇರಿ ಹಾಳಾಗಿ ಹೋಗ, ಅದರ ಬಾಗಲಾ ಗೆದ್ದಲ ತಿನ್ನಲಿ! ಬಲಿ ತಗೊಂಡ ಬಾ. ಇಲ್ಲಂದ್ರ ಈ ಹೊಸ್ತಲಾ ತುಳೀಬ್ಯಾಡ." ಬೈದು ಮುಗಿಸಿ ಅವಳು ಒಳಗೆ ಹೋಗಿ ಅತ್ತಳು. ಅದು ಮೈಲಾರಪ್ಪನಿಗೆ ಹೊರಗೆ ಕೇಳಿಸಿತು.

ಯುಗಾದಿ ಮುಗಿದಿತ್ತು. ಕೆರೆಯ ನೀರು ಇಳಿಯುತ್ತಿತ್ತು. ಮೀನು ತಾನಾಗಿ ಬಲೆಗೆ ಬರುವ ಕಾಲ ವರ್ಷದಲ್ಲಿ ಅದೊಂದೇ. ಮಳೆ ಬಿದ್ದು ಕೆರೆ ತುಂಬಿತೋ, ಮುಗಿಯಿತು. ಬರುವಾಗ ಕೆರೆಯ ಏರಿಯ ಮೇಲೆ ನಿಂತು ಅವನು ನೋಡಿದ್ದ. ಮೀನುಗಳು ನೀರಿನಿಂದ ಹಾರಿ ಹಾರಿ ಬೀಳುತ್ತಿದ್ದವು. ಮರುದಿನವೇ ಮತ್ತೆ ಹಾನಗಲ್ಲಿನ ಬಸ್ಸು ಹತ್ತಿದ.

ಪರವಾನಗಿ ಬೇಕೆಂದು ಕೈ ಮುಗಿದು ನಿಂತವನಿಗೆ ವಿಮಲಾಬಾಯಿ ಟೀಕೆಯ ಪುಟ ತಿರುವಿ ಹೇಳಿದರು: "ಬೀಸುಬಲಿ ಮೂರನೇ ಮಟ್ಟದ ಆಯುಧ. ಮೂರನೇ ಮಟ್ಟ ಮುಟ್ಟಿದವರಿಗಷ್ಟ ಕೊಡಲಿಕ್ಕೆ ಬರ್ತದ."

"ನನ್ನ ಮಟ್ಟ ಯಾವದರಿ, ಅಕ್ಕಾರ?"

ಬಾಯಿಯವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗ ಇನ್ನೂ ಮಟ್ಟನ ಇಲ್ಲ. ಗುಹಾದಾಗ ಇಳಿದು ರಾಕ್ಷಸರನ್ನ ಹೊಡದ್ರ ಬರ್ತದ."

"ಗುಹಾ ಎಲ್ಲೈತ್ರಿ?"

"ಮೇಜಿನ ಮ್ಯಾಲೆ."

ಮೈಲಾರಪ್ಪ ಮೇಜನ್ನು ನೋಡಿದ. ಅಲ್ಲಿ ಗೆರೆಯ ಹಾಳೆ, ಗೊಂಬೆಗಳು, ಅರ್ಧ ತಿಂದ ಚುರುಮುರಿ ಇದ್ದವು. ಬಲೆಗಾಗಿ ಇದನ್ನೂ ಮಾಡೋಣವೆಂದು ಕುರ್ಚಿಯ ತುದಿಯಲ್ಲಿ ಕೂತ. ಹಿಂದೆ ಕಚೇರಿಯಲ್ಲಿ ಅವನಿಗೆ ಯಾರೂ ಕೂರೆಂದು ಹೇಳಿರಲಿಲ್ಲ.

"ನಿನ್ನ ವೀರನ ಹೆಸರು ಹೇಳು," ಎಂದರು ರಾಯರು.

ಮೈಲಾರಪ್ಪ ಯೋಚಿಸಿದ. ರಾಕ್ಷಸ ಎದುರು ಬಂದರೂ ಕಣ್ಣು ಮುಚ್ಚದವರು ಅವನಿಗೆ ತಿಳಿದಂತೆ ಪ್ರಪಂಚದಲ್ಲಿ ಒಬ್ಬರೇ. "ಯಂಕವ್ವ ಅಂತ ಬರಕೋರಿ," ಎಂದ.

ಹೊಸ್ತಿಲು ತುಳಿಯುವ ಹಾಗಿರಲಿಲ್ಲವಾದ್ದರಿಂದ ಅವನು ಕಚೇರಿಯ ಕಟ್ಟೆಯ ಮೇಲೆ ಉಳಿದ. ಖಾದರಸಾಬ ಮನೆಯಿಂದ ರೊಟ್ಟಿ ತಂದು ಕೊಡುತ್ತಿದ್ದ. "ನಿನ್ನ ಬಲ್ಯಾಗ ಬಿದ್ದ ಮ್ಯಾಲ ನೀನೂ ನಾನೂ ಬೀಗರು ಇದ್ದಂಗ," ಎನ್ನುತ್ತಿದ್ದ. ಮೊದಮೊದಲು ಮೈಲಾರಪ್ಪನಿಗೆ ಒಂದೂ ತಿಳಿಯಲಿಲ್ಲ. "ಕಗ್ಗತ್ತಲ ಗುಹಾ" ಎಂದು ರಾಯರು ದನಿ ಇಳಿಸಿದರೆ ಎದ್ದು ಹೋಗಿ ಕಿಟಕಿ ತೆರೆಯುತ್ತಿದ್ದ. "ರಾಕ್ಷಸ ಬಂದ" ಎಂದರೆ ಬಾಗಿಲ ಕಡೆ ನೋಡುತ್ತಿದ್ದ. ಕಪಾಟಿನೊಳಗಿನ ಬಲೆಯಿಂದ ಮೀನಿನ ವಾಸನೆ ಬರುತ್ತಿತ್ತು. ಊದುಬತ್ತಿ ಹಚ್ಚಿದರೂ ಹೋಗದಿದ್ದಾಗ, ಆ ವಾಸನೆ ರಾಕ್ಷಸನ ಸಾಮೀಪ್ಯದ ಲಕ್ಷಣವೆಂದು ವಿಮಲಾಬಾಯಿ ಟೀಕೆಯಲ್ಲಿ ಸೇರಿಸಿದರು. ಮೈಲಾರಪ್ಪನಿಗೆ ಮಾತ್ರ ಆ ವಾಸನೆಗೆ ಕೆರೆ ನೆನಪಾಗುತ್ತಿತ್ತು. ಅಲ್ಲಿ ಯಂಕವ್ವ ಯಾರದೋ ಗದ್ದೆಯಲ್ಲಿ ಕೂಲಿಗೆ ಹೋಗುತ್ತಿದ್ದಾಳೆಂದು ಬಸ್ಸಿನವರು ಹೇಳಿದ್ದರು.

ಆದರೆ ದಿನ ಹೋದ ಹಾಗೆ ಒಂದು ಬದಲಾವಣೆ ಆಯಿತು. ಗುಹೆಯ ದಾರಿ ಅವನಿಗೆ ಕೆರೆಯ ದಾರಿಗಿಂತ ಚೆನ್ನಾಗಿ ನೆನಪಿರತೊಡಗಿತು. ಸಂಜೆ ಐದೂವರೆಗೆ ರಾಯರು ಏಳಹೋದರೆ "ಇನ್ನೊಂದ ಬಾಗಲಾ ನೋಡೇ ಬಿಡೋಣ ಕುಂದರ್ರಿ" ಎನ್ನತೊಡಗಿದ. ಮುಂಗಾರಿನ ಮೋಡ ಬಂದದ್ದನ್ನು ಖಾದರಸಾಬ ತೋರಿಸಿದಾಗ, "ಗುಹಾದ ಒಳಗ ಮಳಿ ಬರೂದಿಲ್ಲ ಬಿಡು" ಎಂದನಂತೆ.

ಕೊನೆಗೆ ಬಲೆಯ ಕೆಳಗೆ ನಿಂತೇ ಇದ್ದ ಆ ಹಳೆಯ ರಾಕ್ಷಸನ ಸರದಿ ಬಂತು. ಮೈಲಾರಪ್ಪ ಕುರ್ಚಿಯಿಂದ ಎದ್ದ. ಇಲ್ಲದ ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿದ, ಸೊಂಟ ತಿರುವಿದ, ಬೀಸಿದ. ಕೈಯಲ್ಲಿದ್ದ ದಾಳ ಮೇಜಿನ ಮೇಲೆ ಉರುಳಿ ನಿಂತಿತು. ಇಪ್ಪತ್ತು! ರಾಯರು ಎದ್ದು ನಿಂತರು. ವಿಮಲಾಬಾಯಿ ಸೆರಗು ಕಣ್ಣಿಗೊತ್ತಿಕೊಂಡರು. ಖಾದರಸಾಬ ಓಡಿ ಹೋಗಿ ಪೇಡೆ ತಂದ. ಮೈಲಾರಪ್ಪನಿಗೂ ಕಣ್ಣೀರು ಬಂತು. ಬಲೆ ಸಿಕ್ಕಿತೆಂದೋ, ರಾಕ್ಷಸ ಬಿದ್ದನೆಂದೋ, ಅದು ಅವನಿಗೇ ತಿಳಿಯಲಿಲ್ಲ.

ಮೂರನೇ ಮಟ್ಟ ಬಂತು, ಪರವಾನಗಿ ಬಂತು. ಗೆದ್ದವರ ಹೆಸರಿಗೇ ಪರವಾನಗಿ ಕೊಡತಕ್ಕದ್ದಾದ್ದರಿಂದ ಅದರಲ್ಲಿ "ಶ್ರೀಮತಿ ಯಂಕವ್ವ, ಬಲೆಯೋಧೆ, ಮೂರನೇ ಮಟ್ಟ" ಎಂದು ಬರೆದು ದುಂಡನೆಯ ಶಿಕ್ಕಾ ಒತ್ತಲಾಯಿತು. ಕಪಾಟು ತೆರೆದು ಬಲೆಯನ್ನು ಹೊರಗೆ ತೆಗೆದರು. ಎರಡು ಸೀಸದ ಗುಂಡು ಕಡಿಮೆ ಇದ್ದವು. ಅವು ರಾಯರ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದ್ದವು.

ಬಲೆ ಹೆಗಲಿಗೆ ಹಾಕಿಕೊಂಡು ಹೊರಟವನನ್ನು ವಿಮಲಾಬಾಯಿ ಬಾಗಿಲಲ್ಲಿ ನಿಲ್ಲಿಸಿದರು. "ಒಂದು ಶರತ್ತು ಅದ. ಆಯುಧ ಶತ್ರುಗಳ ಮ್ಯಾಲೆ ಮಾತ್ರ ಬೀಸಲಿಕ್ಕೆ ಬರ್ತದ. ಗ್ರಂಥದಾಗಿನ ಶತ್ರುಗಳೊಳಗ ಮೀನು ಇಲ್ಲ."

ಮೈಲಾರಪ್ಪ ಹೊಸ್ತಿಲ ಮೇಲೇ ಕುಸಿದು ಕೂತ. "ಅಕ್ಕಾರ, ನಮ್ಮ ಕೆರ್ಯಾಗ ರಾಕ್ಷಸರು ಇಲ್ರಿ. ಮೀನ ಅಷ್ಟ ಅದಾವು. ನಾ ಏನ ತಿನ್ನಲಿ?"

ರಾಯರು ಒಳ್ಳೆಯ ಮನುಷ್ಯರು. ಬಡವನ ಹೊಟ್ಟೆಯ ಮೇಲೆ ಹೊಡೆಯುವುದು ಅವರ ಸ್ವಭಾವವಲ್ಲ. ಅಜ್ಜನನ್ನು ನೆನೆದು ಕಣ್ಣು ಮುಚ್ಚಿ ಕೂತರು, ಕಣ್ಣು ತೆರೆದಾಗ ದಾರಿ ಸಿಕ್ಕಿತ್ತು. ನಿಯಮ ಬದಲಿಸುವಂತಿಲ್ಲ, ಆದರೆ ಮೀನನ್ನು ಬದಲಿಸಬಹುದು! ಮರುದಿನ ಮಾಸೂರಿನಲ್ಲಿ ಡಂಗುರ ಹೊಡೆಸಲಾಯಿತು.

"ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮದಗದ ಕೆರೆಯಲ್ಲಿ ವಾಸವಾಗಿರುವ ಮೀನುಗಳನ್ನು ಇಂದಿನಿಂದ ಶತ್ರುಗಳೆಂದು ಪರಿಗಣಿಸಲಾಗಿದೆ. ಸಾರ್ವಜನಿಕರು ಭಯಪಡತಕ್ಕದ್ದಲ್ಲ. ಸದರಿ ಶತ್ರುಗಳ ಮೇಲೆ ಬಲೆ ಬೀಸಿದಾಗಲೆಲ್ಲ ಪರವಾನಗಿದಾರರು ಇಪ್ಪತ್ತು ಮುಖದ ದಾಳ ಉರುಳಿಸತಕ್ಕದ್ದು. ಹನ್ನೆರಡು ಅಥವಾ ಮೇಲೆ ಬಿದ್ದಲ್ಲಿ ಮೀನು ಸಿಕ್ಕಿರುತ್ತದೆ. ಕಡಿಮೆ ಬಿದ್ದಲ್ಲಿ ಸಿಕ್ಕಿರುವುದಿಲ್ಲ. ಸಿಗದ ಮೀನನ್ನು ಒಯ್ಯುವುದು, ಮಾರುವುದು, ಸಾರು ಮಾಡುವುದು ಶಿಕ್ಷಾರ್ಹ."

ಕಟ್ಟೆಯ ಮೇಲಿದ್ದ ಮುದುಕ ಅಜ್ಜಪ್ಪ ಡಂಗುರದವನನ್ನು ಕೇಳಿದ: "ನಿನ್ನೆ ನಮ್ಮ ಎಮ್ಮಿ ದಿನಾ ಪೂರ್ತಿ ಕೆರ್ಯಾಗ ಬಿದ್ದಿತ್ತಲ್ಲೋ. ಶತ್ರುಗೋಳು ಏನೂ ಮಾಡಲಿಲ್ಲ."

"ನಿನ್ನೆ ಅವು ಇನ್ನೂ ಮೀನ ಇದ್ದವಲ್ಲಪಾ," ಎಂದು ಡಂಗುರದವನು ಮುಂದಿನ ಓಣಿಗೆ ಹೋದ. ಅಜ್ಜಪ್ಪ ಅದೂ ಖರೇ ಎಂದು ತಲೆಯಾಡಿಸಿದ.

ಮನೆಯಲ್ಲಿ ಯಂಕವ್ವ ಕಸಬರಿಗೆ ಹಿಡಿದೇ ನಿಂತಿದ್ದಳು. ಬಲೆಯನ್ನು ಕಸಿದು ಅಂಚೆಲ್ಲ ತಡವಿದಳು. "ಎರಡ ಗುಂಡ ನುಂಗ್ಯಾರ ನೋಡು! ನಡಿ, ನಾಳೆ ನಾನ ಬರ್ತೇನಿ ಹಾನಗಲ್ಲಿಗೆ. ಆ ಕಚೇರಿ ಮಾಡಿನ ಹಂಚ ಉಳಿಸಿದ್ರ ಕೇಳು."

ಮೈಲಾರಪ್ಪ ಪರವಾನಗಿ ಚಾಚಿದ. ಅವಳಿಗೆ ಓದಲು ಬರುತ್ತಿರಲಿಲ್ಲ. ಅವನಿಗೂ ಅಷ್ಟಕ್ಕಷ್ಟೇ, ಆದರೆ ಅದರಲ್ಲಿದ್ದುದು ಬಾಯಿಪಾಠವಾಗಿತ್ತು. ಬೆರಳಿಟ್ಟು ಓದಿದ: "ಶ್ರೀಮತಿ ಯಂಕವ್ವ, ಬಲೆಯೋಧೆ, ಮೂರನೇ ಮಟ್ಟ."

"ಯಾರ ಯಂಕವ್ವ?"

"ನೀನ."

"ನಾ ಏನ ಮಾಡೇನಿ?"

"ರಾಕ್ಷಸನ್ನ ಕೆಡವೀದಿ. ಹೋದ ಮಂಗಳವಾರ. ಇಡೀ ಕಚೇರಿ ಎದ್ದ ನಿಂತಿತ್ತು. ಸಾಹೇಬ್ರಂತೂ ಬೆವತಬಿಟ್ರು."

ಯಂಕವ್ವ ಶಿಕ್ಕಾದ ಮೇಲೆ ಕೈಯಾಡಿಸಿದಳು. ಹುಟ್ಟಿದಾಗಿನಿಂದ ಅವಳ ಹೆಸರನ್ನು ಯಾರೂ ಕಾಗದದ ಮೇಲೆ ಬರೆದದ್ದಿಲ್ಲ, ಬರೆದು ಶ್ರೀಮತಿ ಎಂದದ್ದಿಲ್ಲ. ಕಸಬರಿಗೆ ಮೂಲೆಗೆ ಹೋಯಿತು. "ಮಂಗಳವಾರ ನಾ ಗದ್ದ್ಯಾಗ ಕಳೆ ಕೀಳಾಕತ್ತಿದ್ನಿ," ಎಂದಳು ಮೆಲ್ಲಗೆ. "ನನಗ ಗೊತ್ತ ಆಗಲಿಲ್ಲ ನೋಡು." ಮರುದಿನ ಆ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕಕ್ಕೆ ತೂಗುಹಾಕಿದಳು. ದೇವರ ಪಟವನ್ನು ಸ್ವಲ್ಪ ಅತ್ತ ಸರಿಸಬೇಕಾಯಿತು.

ಮೋಡ ಬಂದಿತ್ತೇ ಹೊರತು ಕೆರೆ ಇನ್ನೂ ತುಂಬಿರಲಿಲ್ಲ. ಕೆರೆಯ ಕೆಲಸ ನಿಯಮದಂತೆ ಆರಂಭವಾಯಿತು. ಮೇಲ್ವಿಚಾರಣೆಗೆಂದು ಖಾದರಸಾಬನನ್ನು ದಾಳ ಸಹಿತ ಮಾಸೂರಿಗೆ ನೇಮಿಸಿದರು. ಪರವಾನಗಿ ಯಂಕವ್ವನದಾದ್ದರಿಂದ ದಾಳ ಉರುಳಿಸುವವಳು ಅವಳು, ಬಲೆ ಬೀಸುವವನು ಮೈಲಾರಪ್ಪ. ದಾಳ ಕೆರೆಗೆ ಉರುಳಬಾರದೆಂದು ಅವಳು ಮನೆಯಿಂದ ಮೊರ ತರುತ್ತಿದ್ದಳು.

ಮೊದಲ ದಿನ ಮೊರದಲ್ಲಿ ಹತ್ತೊಂಬತ್ತು ಬಿತ್ತು. ಬಲೆ ಎಳೆದರೆ ಒಳಗೆ ಪಾಚಿ, ಒಂಟಿ ಚಪ್ಪಲಿ. "ಸಿಕ್ಕಾವು!" ಎಂದು ಖಾದರಸಾಬ ಘೋಷಿಸಿದ. ಹತ್ತೊಂಬತ್ತು ಬಿದ್ದ ಮೇಲೆ ಸಿಕ್ಕಿಲ್ಲವೆಂದು ಹೇಗೆ ಅನ್ನುವುದು? ಯಂಕವ್ವ ಬುಟ್ಟಿ ಹೊತ್ತು ಊರಿಗೆ ಹೋದಳು. ಅಜ್ಜಪ್ಪ ಬುಟ್ಟಿಯಲ್ಲಿ ಇಣುಕಿದಾಗ, "ಭಾಳ ಸಿಕ್ಕಾವ ಕಾಕಾ, ಕಾಣಾಕ ಅಷ್ಟ ಇಲ್ಲ," ಎಂದಳು. ಮುಖ ಮಾತ್ರ ಸಣ್ಣಗಾಗಿತ್ತು.

ಮರುದಿನ ಬಲೆ ಎಳೆಯಲಾರದಷ್ಟು ಭಾರ. ಮೊಣಕೈ ಉದ್ದದ ಮೀನುಗಳು ಫಳಫಳ ಹೊಳೆದವು. ಮೊರದಲ್ಲಿ ಬಿದ್ದದ್ದು ಮೂರು.

"ಸಿಕ್ಕಿಲ್ಲ," ಎಂದ ಖಾದರಸಾಬ. ಹೇಳುವಾಗ ಅವನೂ ಉಗುಳು ನುಂಗಿದ.

"ಬೀಗರ, ಕಣ್ಣಿಗೆ ಕಾಣಾಕತ್ತಾವಲ್ರಿ!" ಮೈಲಾರಪ್ಪ ಒಂದು ಮೀನನ್ನು ಎತ್ತಿ ಹಿಡಿದ. "ಇದಕ್ಕಂತ ಅಲ್ಲೇನ್ರಿ ನಾ ಇಷ್ಟ ದಿನಾ ಒದ್ದಾಡಿದ್ದು? ನನ್ನ ಕೈಯಾಗ ಅದಾವು!"

"ಗುಹಾದಾಗ ಮೂರ ಬಿದ್ದಾಗ ನೀ ಏನಂತಿದ್ದಿ, ನೀನ ಹೇಳು."

ಮೈಲಾರಪ್ಪ ಬಾಯಿ ತೆರೆದ. ಗುಹೆಯಲ್ಲಿ ಮೂರು ಬಿದ್ದಾಗ ಅವನು ಒಂದು ದಿನವೂ ತಕರಾರು ಮಾಡಿರಲಿಲ್ಲ. ಬೇರೆಯವರು ಮಾಡಿದರೆ "ಆಟದಾಗ ಮೋಸ ಬ್ಯಾಡ್ರಿ" ಎಂದು ಬುದ್ಧಿ ಹೇಳಿದ್ದ. ಬಾಯಿ ಮುಚ್ಚಿದ. ಹೆಂಡತಿಯ ಮುಖ ನೋಡಿದ. ಅವಳು ಮೊರದಲ್ಲಿದ್ದ ದಾಳವನ್ನು ನೋಡುತ್ತಿದ್ದಳು. ಮೂರನೇ ಮಟ್ಟದವರು ನಿಯಮ ಮೀರಿದರೆ ಮಟ್ಟ ಇಳಿಯುತ್ತದೆಂದು, ಮಟ್ಟ ಇಳಿದರೆ ಪರವಾನಗಿ ವಾಪಸು ಹೋಗುತ್ತದೆಂದು ಅವಳಿಗೆ ತಿಳಿಸಲಾಗಿತ್ತು. ಮೈಲಾರಪ್ಪ ಬಲೆ ಬಿಚ್ಚಿದ.

ಅಂಕಿಯೂ ಮೀನೂ ಒಂದೇ ದಿನ ಕೂಡಿ ಬಂದರೆ ಒಲೆ ಉರಿಯುತ್ತಿತ್ತು. ಉಳಿದ ದಿನ ಯಂಕವ್ವ ಕೂಲಿಗೆ ಹೋಗುತ್ತಿದ್ದಳು. ಈ ವ್ಯವಸ್ಥೆಯನ್ನು ಮೆಚ್ಚಿ ಶಿಗ್ಗಾಂವ, ಸವಣೂರ, ಹಾನಗಲ್ಲಿನ ಕೆರೆಗಳವರೂ ತಮ್ಮ ಮೀನುಗಳನ್ನು ಶತ್ರುಗಳೆಂದು ಘೋಷಿಸಬೇಕೆಂದು ಅರ್ಜಿ ಹಾಕಿದರು. ನಾಲ್ಕು ತಾಲೂಕುಗಳು ಒಂದೇ ವಿಷಯ ಕೇಳಿದ್ದು ಅದೇ ಮೊದಲು. ಸಮನ್ವಯ ಸಾಧಿಸಿದ್ದಕ್ಕಾಗಿ ಶ್ರೀಪಾದರಾಯರಿಗೆ ಬಡ್ತಿ ಬಂತು.

ಮರುವರ್ಷ ನೀರಿಳಿದ ಕಾಲಕ್ಕೆ ಹಿರೇಕೆರೂರಿನ ಕಡೆಯಿಂದ ಹೊಸ ಮೀನಿನ ವ್ಯಾಪಾರಿಯೊಬ್ಬ ಏರಿಯ ಮೇಲೆ ಬಂದು ನಿಂತ. ಕೆಳಗೆ ನೀರಿನಲ್ಲಿ ಮೈಲಾರಪ್ಪ ಬಲೆ ಎಳೆಯುತ್ತಿದ್ದ. ಬಲೆಯ ತುಂಬ ಮೀನು. ವ್ಯಾಪಾರಿ ಸೈಕಲ್ಲು ನಿಲ್ಲಿಸಿ ಚೀಲ ಬಿಚ್ಚಿದ. ಅಷ್ಟರಲ್ಲಿ ಮೈಲಾರಪ್ಪ ಬಲೆಯನ್ನು ಕೊಡವಿ, ಅಷ್ಟನ್ನೂ ನಿಧಾನವಾಗಿ ನೀರಿಗೆ ಬಿಟ್ಟ. ಕಾಲಿಗೆ ತೊಡರಿದ ಒಂದು ಮರಿಯನ್ನೂ ಎತ್ತಿ ಬಿಟ್ಟ.

"ಏ ಮಾರಾಯಾ! ಯಾಕ ಬಿಟ್ಟಿ?"

"ಸಿಕ್ಕಿಲ್ರಿ," ಎಂದ ಮೈಲಾರಪ್ಪ. ದನಿಯಲ್ಲಿ ಬೇಸರವಿರಲಿಲ್ಲ.

"ಬಲ್ಯಾಗ ಒದ್ದಾಡಾಕತ್ತಿದ್ವಲ್ಲೋ!"

"ಒದ್ದಾಡತಾವರಿ. ಆದ್ರ ಸಿಕ್ಕಿಲ್ಲ. ನೀವು ಹೊಸಬರು, ನಿಮಗ ತಿಳಿಯೂದಿಲ್ಲ ಬಿಡ್ರಿ."

ವ್ಯಾಪಾರಿ ಗಾಬರಿಯಾಗಿ ದಂಡೆಯ ಮೇಲಿದ್ದ ಹೆಂಗಸಿನ ಕಡೆ ತಿರುಗಿದ. ಸೊರಗಿದ ಮುಖ, ಪಕ್ಕದಲ್ಲಿ ಖಾಲಿ ಬುಟ್ಟಿ, ಮಡಿಲಲ್ಲಿ ಮೊರ. "ಏನಬೇ ತಂಗಿ, ನೀನರ ಹೇಳ ನಿನ್ನ ಗಂಡಗ. ಮನ್ಯಾಗ ಒಲಿ ಹೊತ್ತಬ್ಯಾಡೇನು?"

ಯಂಕವ್ವ ಮೊರವನ್ನು ಎತ್ತಿ ಅವನ ಮುಖದ ಮುಂದೆ ಹಿಡಿದಳು. "ಆರ ಬಿದ್ದೈತಿ," ಎಂದಳು. "ನಿನಗೇನ ಕಣ್ಣ ಕಾಣಸೂದಿಲ್ಲೇನ?"

ಖಾದರಸಾಬ ತಲೆಯಾಡಿಸಿ ಆ ದಿನದ ಷರಾ ಬರೆದ. ಗಂಡ ಹೆಂಡತಿ ಖಾಲಿ ಬುಟ್ಟಿ ಎತ್ತಿಕೊಂಡು ಊರ ಕಡೆ ನಡೆದರು. ಕಟ್ಟೆಯ ಮೇಲಿದ್ದ ಅಜ್ಜಪ್ಪ ಎಂದಿನಂತೆ ಕೇಳಿದ: "ಇವತ್ತ ಎಷ್ಟ ಬಿತ್ತಬೇ?"

"ಆರ, ಕಾಕಾ."

"ಹೋಗಲಿ ಬಿಡು, ನಾಳೆ ಹದಿನಾರ ಬಿದ್ದೀತು," ಎಂದು ಅಜ್ಜಪ್ಪ ಸಮಾಧಾನ ಹೇಳಿದ.